ಐದನೇ ಸಾಲು

೯ ಆಗಸ್ಟ್ ೧೯೮೮

ಅಕ್ಕಾ,

ಮೊದಲು ಬೈದುಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ಎರಡು ತಿಂಗಳಿಂದ ನಿನ್ನ ಒಂದು ಕಾರ್ಡೂ ಇಲ್ಲ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವವರಿಗೆ ಚಿಕ್ಕಮ್ಮನ ಮಗಳು ಯಾವ ಲೆಕ್ಕ! ಮೂರು ವರ್ಷ ನಮ್ಮ ಮನೆಯಲ್ಲೇ ಇದ್ದು, ನನ್ನ ಹಾಸಿಗೆಯಲ್ಲಿ ಮುಕ್ಕಾಲು ಭಾಗ ನುಂಗಿ, ನನ್ನ ಪೆನ್ಸಿಲ್ಲುಗಳನ್ನೆಲ್ಲ ಕಚ್ಚಿ ಹಾಳುಮಾಡಿ ಹೈಸ್ಕೂಲು ಮುಗಿಸಿದವಳು ನೀನೇ ತಾನೆ?

ಇಲ್ಲಿ ಎಲ್ಲ ಮಾಮೂಲು. ಮುಂದಿನ ಕೋಣೆಯಲ್ಲಿ ಅಮ್ಮನ ಹೊಲಿಗೆ ಮಿಷನ್ನು, ಹಿಂದಿನ ಕೋಣೆಯಲ್ಲಿ ನನ್ನ ಪುಸ್ತಕ, ನಡುವೆ ಬಾಗಿಲಿಲ್ಲ. ಶಾಲೆಯ ಸಮವಸ್ತ್ರದ ಆರ್ಡರು ಈ ವರ್ಷವೂ ಅಮ್ಮನಿಗೇ ಸಿಕ್ಕಿದೆ. ಅಪ್ಪ ಹೋದಮೇಲೆ ಈ ಮನೆ ನಿಂತಿರುವುದೇ ಆ ಬಿಳಿ ಅಂಗಿಗಳ ಮೇಲೆ ಎಂದು ನಿನಗೆ ಗೊತ್ತಲ್ಲ.

ಈಗ ನನ್ನ ಗೋಳು. ಹನ್ನೆರಡನೇ ತರಗತಿಯ ನಡುವೆ ನಮ್ಮ ಭೌತಶಾಸ್ತ್ರದ ಮೇಷ್ಟ್ರಿಗೆ ವರ್ಗವಾಯಿತು. ಬದಲಿಗೆ ಯಾರೂ ಬಂದಿಲ್ಲ. ಗಣಿತದ ಮೇಡಂ ಪಾಪ, ವಾರಕ್ಕೆರಡು ಗಂಟೆ ಬಂದು ಭೌತಶಾಸ್ತ್ರದ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೋಗುತ್ತಾರೆ. ನಾವು ಕೇಳುತ್ತೇವೆ. ಇನ್ನು ನೀನೇ ಗತಿ.

ಮೊದಲ ಪ್ರಶ್ನೆ. ಚೆಂಡನ್ನು ನೇರ ಮೇಲಕ್ಕೆ ಎಸೆದರೆ ತುದಿಯಲ್ಲಿ ಅದರ ವೇಗೋತ್ಕರ್ಷ ಎಷ್ಟು? ನಾನು ಬರೆದದ್ದು ಹೀಗೆ. ತುದಿಯಲ್ಲಿ ಚೆಂಡು ನಿಲ್ಲುತ್ತದೆ. ನಿಂತದ್ದರ ವೇಗ ಸೊನ್ನೆ. ವೇಗವೇ ಇಲ್ಲದ ಮೇಲೆ ವೇಗೋತ್ಕರ್ಷವೂ ಸೊನ್ನೆ. ಪುಸ್ತಕದ ಕೊನೆಯಲ್ಲಿರುವ ಉತ್ತರ ಬೇರೆ. ಪುಸ್ತಕ ತಪ್ಪೋ ನಾನು ತಪ್ಪೋ?

ಒಂದು ಬೇಡಿಕೆ. ಆಗ ಮಾಡುತ್ತಿದ್ದ ಹಾಗೆ ತಪ್ಪಿದ ಸಾಲಿನ ಪಕ್ಕ ಕೆಂಪು ಚುಕ್ಕಿ ಇಟ್ಟು, "ಮುಂದಿನದು ನೀನೇ ಮಾಡು" ಅಂತ ವಾಪಸ್ ಕೊಡಬೇಡ. ಆಗ ನಾನು ನಾಲ್ಕನೇ ತರಗತಿ, ನೀನು ಪಕ್ಕದಲ್ಲೇ ಇರುತ್ತಿದ್ದೆ. ಈಗ ಒಂದು ಚುಕ್ಕಿ ಅಂಚೆಯಲ್ಲಿ ಹೋಗಿಬರಲು ಹನ್ನೆರಡು ದಿನ ಬೇಕು. ಉತ್ತರ ಬರೆದುಬಿಡು ಮಾರಾಯ್ತಿ.

ನಿನ್ನ ಮೇಲೆ ಮುನಿಸಿಕೊಂಡಿರುವ,
ಕಡ್ಡಿ


೨೧ ಆಗಸ್ಟ್ ೧೯೮೮

ಕಡ್ಡೀ,

ಬೈಗುಳ ಕ್ಷೇಮವಾಗಿ ತಲುಪಿತು. ನೀನು ಇನ್ನೂ ಅಷ್ಟೇ ತೆಳ್ಳಗಿದ್ದೀಯೋ, ಹೆಸರಿಗೆ ಮೋಸ ಮಾಡಿದ್ದೀಯೋ?

ಹಾಳೆ ವಾಪಸ್ ಕಳಿಸಿದ್ದೇನೆ. ಮೂರನೇ ಸಾಲಿನ ಪಕ್ಕ ಚುಕ್ಕಿ ಇದೆ. ಹಲ್ಲು ಕಡಿಯಬೇಡ. ನಾನು ಉತ್ತರ ಬರೆದುಕೊಟ್ಟರೆ ಅದು ನನ್ನ ಉತ್ತರವಾಗಿಯೇ ಉಳಿಯುತ್ತದೆ, ಪರೀಕ್ಷೆಯ ಕೋಣೆಗೆ ನಿನ್ನ ಜೊತೆ ಬರುವುದಿಲ್ಲ. ಎಲ್ಲಿ ದಾರಿ ತಪ್ಪಿದೆ ಎಂದಷ್ಟೇ ತೋರಿಸುವುದು ನನ್ನ ಕೆಲಸ. ಬೇಕಾದರೆ ಒಂದು ಪ್ರಶ್ನೆ ಎರವಲು ಕೊಡುತ್ತೇನೆ: ತುದಿಯಲ್ಲಿ ವೇಗೋತ್ಕರ್ಷವೂ ಸೊನ್ನೆಯಾದರೆ ಆ ಚೆಂಡು ಕೆಳಗೆ ಬರುವುದು ಹೇಗೆ?

ಇಲ್ಲಿ ಓದು ಜೋರಾಗಿ ನಡೆದಿದೆ. ನಮ್ಮ ಲ್ಯಾಬಿನಲ್ಲಿ ವರ್ಣಪಟಲ ನೋಡುವ ಯಂತ್ರವಿದೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಕಣ್ಣನ್ನು ಕೊಳವೆಗೆ ಹಚ್ಚಿ ಕೂತರೆ ಎರಡು ಹಳದಿ ಗೆರೆಗಳು ಅಕ್ಕಪಕ್ಕ ನಿಂತಿರುತ್ತವೆ. ಅವನ್ನು ಬೇರೆಬೇರೆಯಾಗಿ ಕಂಡ ದಿನ ನಾನು ಊಟ ಮರೆತಿದ್ದೆ. ನೀನೂ ಒಂದು ದಿನ ನೋಡಬೇಕು.

ಇನ್ನು ಮುಂದೆ ಪತ್ರವನ್ನು ಲಕೋಟೆಯ ಹಿಂದಿರುವ ವಿಳಾಸಕ್ಕೆ ಹಾಕು. ಅದೊಂದು ಮುದ್ರಣಾಲಯ, ಮಾಲೀಕರು ಪರಿಚಯದವರು. ಹಾಸ್ಟೆಲಿನಲ್ಲಿ ಪತ್ರಗಳು ಕಳೆದುಹೋಗುತ್ತಿವೆ. ಇದನ್ನು ನಮ್ಮಮ್ಮನಿಗೆ ತಿಳಿಸಬೇಡ, ಸಣ್ಣದಕ್ಕೆಲ್ಲ ಗಾಬರಿಯಾಗುತ್ತಾಳೆ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಅವಳು ಗುಂಡಿಗೆ ಕಾಜಾ ಹಾಕುವುದನ್ನು ನೋಡುತ್ತ ಕೂತಿದ್ದಷ್ಟು ನೆಮ್ಮದಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಅಕ್ಕ


೨ ಅಕ್ಟೋಬರ್ ೧೯೮೮

ಅಕ್ಕಾ,

ಚೆಂಡು ಕೆಳಗೆ ಬಂತು! ನಿಂತಂತೆ ಕಂಡರೂ ಎಳೆತ ನಿಂತಿರುವುದಿಲ್ಲ. ಬಟ್ಟಲು ತೊಳೆಯುತ್ತಿದ್ದಾಗ ಹೊಳೆಯಿತು, ಕೈಯಲ್ಲಿದ್ದದ್ದು ಜಾರಿ ಒಡೆಯಿತು. ಅಮ್ಮ, "ಭೌತಶಾಸ್ತ್ರ ಓದಿದ್ದಕ್ಕೆ ಮನೇಲಿ ಒಂದು ಬಟ್ಟಲು ಕಮ್ಮಿ ಆಯ್ತು, ಪೂರ್ತಿ ಓದಿದ್ರೆ ಏನುಳಿಯುತ್ತೋ" ಅಂದಳು.

ಅಂದಿನಿಂದ ನಾನೂ ಕೆಂಪು ಪೆನ್ನು ಕೊಂಡುಕೊಂಡಿದ್ದೇನೆ. ಮಧ್ಯಾಹ್ನದ ಬಿಡುವಿನಲ್ಲಿ ಕಾಲೇಜಿನ ಮೆಟ್ಟಿಲ ಮೇಲೆ ಏಳೆಂಟು ಹುಡುಗಿಯರು ನನ್ನ ಸುತ್ತ ಕೂರುತ್ತಾರೆ, ನಾನು ಚುಕ್ಕಿ ಇಡುತ್ತೇನೆ. ಅವರೂ ನನ್ನನ್ನು ಬೈಯುತ್ತಾರೆ. ಗಣಿತದ ಮೇಡಂ ನೋಡಿ, "ನೀನು ಭೌತಶಾಸ್ತ್ರ ಬಿಟ್ಟು ಬೇರೆ ಏನಾದ್ರೂ ತಗೊಂಡ್ರೆ ನಾನು ನಿನ್ನ ಜೊತೆ ಮಾತಾಡಲ್ಲ" ಅಂದರು. ಅಕ್ಕಾ, ನನಗೂ ಬೇರೇನೂ ಬೇಡ. ಇದನ್ನು ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿನಗಲ್ಲದೆ ಯಾರಿಗೆ ಬರೆಯಲಿ?

ಎಲ್ಲರೂ ಕೊಳ್ಳುತ್ತಿರುವ ಹೊಸ ಗೈಡ್ ಒಂದಿದೆ, ಹಸಿರು ರಟ್ಟಿನದು. ಅದರ ಎಂಬತ್ತನಾಲ್ಕನೇ ಪುಟ ನೋಡಿ ನಕ್ಕು ನಕ್ಕು ಸಾಕಾಯಿತು. ನಿಮ್ನ ಮಸೂರ, ಸಂಗಮ ದೂರ ಇಪ್ಪತ್ತು, ವಸ್ತು ಮೂವತ್ತು ಸೆಂಟಿಮೀಟರಿನಲ್ಲಿ. ಉತ್ತರವಾಗಿ ಅರವತ್ತು ಸೆಂಟಿಮೀಟರಿನಲ್ಲಿ ಸತ್ಯ ಪ್ರತಿಬಿಂಬ ಅಂತ ಬರೆದಿದ್ದಾರೆ. ಸಂಗಮ ದೂರದ ಋಣ ಚಿಹ್ನೆಯನ್ನೇ ಮರೆತಿದ್ದಾರೆ! ಒಂಟಿ ನಿಮ್ನ ಮಸೂರ ಎಲ್ಲಾದರೂ ಎದುರಿಗಿಟ್ಟ ವಸ್ತುವಿನ ಸತ್ಯ ಪ್ರತಿಬಿಂಬ ಕೊಡುತ್ತದೆಯೇ? ಬರೆದವರು ಯಾರೋ, ಸಿಕ್ಕರೆ ಕಿವಿ ಹಿಂಡಬೇಕು.

ಮಸೂರದ ಮಾತು ಬಂತಲ್ಲ, ಇನ್ನೊಂದು ಪ್ರಶ್ನೆ. ಒಬ್ಬರಿಗೆ ಎದುರಿಗಿರುವ ಸೂಜಿ ಚೆನ್ನಾಗಿ ಕಾಣುತ್ತದೆ. ಆದರೆ ಎಡಪಕ್ಕದಲ್ಲಿಟ್ಟ ಕತ್ತರಿ ಕಾಣುವುದಿಲ್ಲ. ತಲೆ ತಿರುಗಿಸಿದರೆ ಮಾತ್ರ ಕಾಣುತ್ತದೆ. ಇದಕ್ಕೆ ಯಾವ ಮಸೂರ ಹಾಕಬೇಕು? ಪುಸ್ತಕದಲ್ಲಿ ದೂರದೃಷ್ಟಿ, ಸಮೀಪದೃಷ್ಟಿ ಎರಡೇ ಇವೆ. ಇದಕ್ಕೆ ಚುಕ್ಕಿ ಬೇಡ, ಉತ್ತರ ಬರೆ.

ಕಡ್ಡಿ


೨೦ ಅಕ್ಟೋಬರ್ ೧೯೮೮

ಕಡ್ಡೀ,

ಗೈಡ್ ಬರೆಯುವವರೂ ಮನುಷ್ಯರೇ. ಅವರಿಗೂ ಗಡುವಿರುತ್ತದೆ, ತಲೆನೋವಿರುತ್ತದೆ. ತಪ್ಪು ಕಂಡುಹಿಡಿದದ್ದು ಸಂತೋಷ, ಕಿವಿ ಹಿಂಡುವ ಮಾತು ಬೇಡ.

ಕಣ್ಣಿನ ಪ್ರಶ್ನೆ ಚೆನ್ನಾಗಿದೆ. ಸೂಜಿ, ಕತ್ತರಿ ಎಂದು ಉದಾಹರಣೆ ಕೊಟ್ಟು ಟೈಲರಮ್ಮನ ಮಗಳೆಂದು ತೋರಿಸಿಕೊಂಡೆ! ಆದರೆ ಪ್ರಶ್ನೆಯೇ ತಪ್ಪು. ಮಸೂರ ಬಿಂಬವನ್ನು ಹಿಂದೆ ಮುಂದೆ ಸರಿಸಬಲ್ಲದು. ಪಕ್ಕದ್ದು ಕಾಣದಿರುವುದು ಮಸೂರದಿಂದ ಸರಿಹೋಗುವ ದೋಷವಲ್ಲ. ಪರೀಕ್ಷೆಗೆ ಇಂಥದ್ದು ಬರುವುದಿಲ್ಲ, ಬಿಟ್ಟುಬಿಡು. ನಿನಗೆ ದೃಗ್ವಿಜ್ಞಾನದ ರುಚಿ ಹತ್ತಿದೆ ಎಂದು ಕಾಣುತ್ತದೆ. ಹತ್ತು ಒಳ್ಳೆಯ ಲೆಕ್ಕ ಕಳಿಸಿದ್ದೇನೆ, ಮಾಡು.

ಮುಂದೆ ಏನು ಓದುವುದೆಂಬುದನ್ನು ಈಗಲೇ ತಲೆಗೆ ಹಚ್ಚಿಕೊಳ್ಳಬೇಡ. ಭೌತಶಾಸ್ತ್ರ ಎಲ್ಲರನ್ನೂ ಕೊನೆಯತನಕ ಕರೆದುಕೊಂಡು ಹೋಗುವುದಿಲ್ಲ.

ಅಕ್ಕ


೧೨ ಡಿಸೆಂಬರ್ ೧೯೮೮

ಅಕ್ಕಾ,

ತಡವಾಯಿತು. ಹತ್ತರಲ್ಲಿ ಎಂಟು ಲೆಕ್ಕ ಮಾಡಿದ್ದೇನೆ. ಮಿಕ್ಕ ಎರಡಕ್ಕೆ ಹೊತ್ತಾಗಲಿಲ್ಲ. ಈಗ ಸಂಜೆ ಅಮ್ಮನ ಜೊತೆ ನಾನೂ ಕೂರುತ್ತೇನೆ, ತೋಳು ಜೋಡಿಸುವುದು ನನ್ನ ಪಾಲು.

ಒಂದು ತಮಾಷೆ ಕೇಳು. ಹೋದ ವಾರ ಅಮ್ಮ ಒಂದು ಅಂಗಿಗೆ ಎರಡೂ ಎಡಗೈ ತೋಳುಗಳನ್ನೇ ಹಚ್ಚಿದ್ದಾಳೆ! ಮೂವತ್ತು ವರ್ಷದಲ್ಲಿ ಇದೇ ಮೊದಲು. ನಾನು ನಕ್ಕೆ. ಅಮ್ಮನೂ ನಕ್ಕಳು, ಆಮೇಲೆ ಎದ್ದುಹೋಗಿ ಬಹಳ ಹೊತ್ತು ಮುಖ ತೊಳೆದಳು.

ಭೌತಶಾಸ್ತ್ರ ಎಲ್ಲರನ್ನೂ ಕೊನೆಯತನಕ ಕರೆದುಕೊಂಡು ಹೋಗುವುದಿಲ್ಲ ಎಂದು ಬರೆದಿದ್ದೆ. ಅದು ನನಗೆ ಹೇಳಿದ್ದೇ? ನನ್ನ ಎಂಟು ಲೆಕ್ಕ ನೋಡಿ ಹೇಳು.

ಕಡ್ಡಿ


೩ ಫೆಬ್ರವರಿ ೧೯೮೯

ಕಡ್ಡೀ,

ಎಂಟೂ ಸರಿ. ಒಂದಕ್ಕೂ ಚುಕ್ಕಿ ಇಡಲು ಜಾಗ ಸಿಗಲಿಲ್ಲ. ಇಡೀ ಹಾಳೆಯನ್ನು ಎರಡು ಸಲ ಹುಡುಕಿದೆ. ಏಳನೆಯದನ್ನು ನಾನು ಎರಡು ಪುಟ ಬರೆದು ಮಾಡಿದ್ದೆ, ನೀನು ಐದು ಸಾಲಿನಲ್ಲಿ ಮುಗಿಸಿದ್ದೀಯ. ಆ ಮಾತು ನಿನಗೆ ಹೇಳಿದ್ದಲ್ಲ, ಮರೆತುಬಿಡು.

ಡಿಸೆಂಬರಿನ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ, ತಪ್ಪು ನನ್ನದೇ. ಇಲ್ಲಿ ಕೆಲಸ ಹೆಚ್ಚು, ಓದು ಎನ್ನುವ ಕೆಲಸ. ಪರೀಕ್ಷೆಗೆ ಇನ್ನು ಐದು ವಾರ. ಹೊಲಿಗೆಗೆ ಸ್ವಲ್ಪ ದಿನ ರಜೆ ಹೇಳು. ಚಿಕ್ಕಮ್ಮ ಬೇಜಾರು ಮಾಡಿಕೊಳ್ಳುವವಳಲ್ಲ. ಎರಡು ಎಡತೋಳಿನ ಅಂಗಿಯನ್ನು ನೆನೆದು ಇಲ್ಲಿ ಒಬ್ಬಳೇ ನಕ್ಕೆ.

ಅಕ್ಕ


೨೫ ಮೇ ೧೯೮೯

ಅಕ್ಕಾ, ಅಕ್ಕಾ,

ಗಣಿತ ತೊಂಬತ್ತೇಳು, ಭೌತಶಾಸ್ತ್ರ ತೊಂಬತ್ನಾಲ್ಕು! ಗಣಿತದ ಮೇಡಂ ನಮ್ಮ ಮನೆಗೇ ಬಂದು ಬಟ್ಟೆಯ ರಾಶಿಯ ಮೇಲೆ ಕೂತುಬಿಟ್ಟರು. ಎದ್ದಾಗ ಸೀರೆಗೆ ನಾಲ್ಕು ಗುಂಡುಸೂಜಿ ಚುಚ್ಚಿಕೊಂಡಿದ್ದವು. ಅದರ ಮೇಲೆ ಇನ್ನೂ ದೊಡ್ಡ ಸುದ್ದಿಯಿದೆ. ಅದನ್ನು ನಿನ್ನ ರೀತಿಯಲ್ಲೇ ಸಾಲುಸಾಲಾಗಿ ಬರೆಯುತ್ತೇನೆ, ನೋಡು.

ಒಂದು. ನಿನ್ನ ವಿಶ್ವವಿದ್ಯಾಲಯದಲ್ಲೇ ಪದವಿಗೆ, ಭೌತಶಾಸ್ತ್ರ ಮತ್ತು ಗಣಿತಕ್ಕೆ, ಸೀಟು ಸಿಕ್ಕಿದೆ. ಓದು, ಹಾಸ್ಟೆಲು ಎರಡೂ ಉಚಿತ. ಜೂನ್ ಮೂವತ್ತರೊಳಗೆ ಸೇರಬೇಕು. ಈ ಸವಲತ್ತು ಈ ವರ್ಷ ಪಾಸಾದವರಿಗೆ ಮಾತ್ರ. ಮುಂದಿನ ವರ್ಷ ನೋಡೋಣ ಎನ್ನುವ ಹಾಗಿಲ್ಲ.

ಎರಡು. ನನಗೆ ಓದಬೇಕು. ಆಸೆ ಎಂದರೆ ಮಾತು ಸಣ್ಣದಾಗುತ್ತದೆ.

ಮೂರು. ಇಲ್ಲಿ ಅಮ್ಮನಿಗೆ ಹೊಲಿಗೆಯಲ್ಲಿ ಇನ್ನೊಂದು ಕೈ ಬೇಕು.

ನಾಲ್ಕು. ಪಕ್ಕದ ಮನೆಯ ಅತ್ತೆಗೆ ಹೊಲಿಗೆ ಬರುತ್ತದೆ. ದಿನಾ ಬಂದು ಅಮ್ಮನ ಜೊತೆ ಕೂರಲು ಒಪ್ಪಿದ್ದಾರೆ. ಹೀಗಾಗಿ ಅಮ್ಮ ಹೋಗು ಅನ್ನುತ್ತಾಳೆ, ಒಂದು ಷರತ್ತಿನ ಮೇಲೆ.

ಐದು. ಆ ಷರತ್ತು ನೀನು. "ಅಲ್ಲಿ ನಿಮ್ಮಕ್ಕ ಇದ್ದಾಳೆ, ನಿನ್ನ ನೋಡ್ಕೋತಾಳೆ. ಅವಳು ಬಾ ಅಂದ್ರೆ ನಾನು ಯೋಚನೆ ಮಾಡಲ್ಲ" ಅಂದಳು. ಅಲ್ಲಿ ಅಕ್ಕ ಇದ್ದಾಳೆ, ನನ್ನನ್ನು ನೋಡಿಕೊಳ್ಳುತ್ತಾಳೆ.

ಆರು. ಆದ್ದರಿಂದ ನಾನು ಹೋಗಬೇಕು.

ಇಷ್ಟೇ ಲೆಕ್ಕ. ನನಗೆ ಹೆದರಿಕೆಯಿದೆ ಅಕ್ಕಾ. ನಾನು ಈ ಊರು ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿದವಳಲ್ಲ. ಅಮ್ಮನನ್ನು ಬಿಟ್ಟುಹೋಗುವುದು ಇನ್ನೂ ಕಷ್ಟ, ಅದಕ್ಕೆ ಕಾರಣಗಳಿವೆ, ಬಂದಾಗ ಹೇಳುತ್ತೇನೆ. ಈ ಒಂದು ಸಲ ಬಾಯಿಬಿಟ್ಟು ಹೇಳು. ಬಾ ಅನ್ನು, ಇಲ್ಲ ಬೇಡ ಅನ್ನು.

ನಿನ್ನ ಕಡ್ಡಿ


೪ ಜೂನ್ ೧೯೮೯

ಕಡ್ಡೀ,

ಇದನ್ನು ನಾಲ್ಕನೇ ಸಲ ಬರೆಯುತ್ತಿದ್ದೇನೆ. ಮೂರನ್ನು ಹರಿದುಹಾಕಿದೆ.

ನಾನು ವಿಶ್ವವಿದ್ಯಾಲಯದಲ್ಲಿಲ್ಲ. ಹೋದ ವರ್ಷದ ಜೂನ್‌ನಿಂದಲೂ ಇಲ್ಲ. ಗಣಿತೀಯ ಭೌತಶಾಸ್ತ್ರದಲ್ಲಿ ಎರಡು ಸಲ ಫೇಲಾದೆ. ಎರಡನೇ ಸಲ ನೋಟೀಸ್ ಬೋರ್ಡಿನ ಮುಂದೆ ನಿಂತು ಪಾಸಾದವರ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ನನ್ನ ಹಿಂದೆ ನಿಂತಿದ್ದ ಹುಡುಗಿ, "ಸ್ವಲ್ಪ ಸರೀರಿ, ನಾವೂ ನೋಡ್ಬೇಕು" ಅಂದಳು. ಸರಿದೆ. ಅಲ್ಲಿಂದ ಸರಿದವಳು ಮತ್ತೆ ಆ ಕಟ್ಟಡದೊಳಗೆ ಹೋಗಿಲ್ಲ. ಹಾಸ್ಟೆಲಿನ ಕೋಣೆ ಬಿಡಿಸಿದರು.

ಈಗ ಈ ಮುದ್ರಣಾಲಯದ ಮಹಡಿಯಲ್ಲಿ ಒಂದು ಕೋಣೆ. ಕೆಳಗೆ ಯಂತ್ರ ಓಡಿದರೆ ಮೇಲೆ ನನ್ನ ಲೋಟ ಮೇಜಿನ ಮೇಲೆ ತಾನಾಗಿ ಜರುಗುತ್ತದೆ. ನಾನು ಇಲ್ಲಿ ಗೈಡ್ ಬರೆಯುತ್ತೇನೆ. ಲೆಕ್ಕಗಳಿಗೆ ಉತ್ತರ ಬರೆಯುವುದೇ ನನ್ನ ಉದ್ಯೋಗ. ಹಸಿರು ರಟ್ಟಿನ ಗೈಡ್, ಎಂಬತ್ತನಾಲ್ಕನೇ ಪುಟ, ನನ್ನದೇ. ನೀನು ಕಿವಿ ಹಿಂಡಬೇಕೆಂದದ್ದು ಸರಿಯಾಗಿಯೇ ಇತ್ತು.

ಲ್ಯಾಬಿನ ಹಳದಿ ಗೆರೆಗಳು ಸುಳ್ಳಲ್ಲ. ಆದರೆ ಅವನ್ನು ನೋಡಿದ್ದು ಎರಡು ವರ್ಷದ ಹಿಂದೆ.

ನೀನು ಬಂದರೆ ಮೊದಲ ದಿನವೇ ವಿಭಾಗಕ್ಕೆ ಹೋಗಿ "ನಮ್ಮಕ್ಕ ಎಲ್ಲಿ" ಎಂದು ಕೇಳುತ್ತೀಯ. ಗುಮಾಸ್ತರು ರಿಜಿಸ್ಟರು ತೆಗೆದು ನಿನಗೆ ತೋರಿಸುತ್ತಾರೆ. ನನಗೆ ನಮ್ಮಮ್ಮನ ಹೆದರಿಕೆಯಿಲ್ಲ, ಬೇರೆ ಯಾರ ಹೆದರಿಕೆಯೂ ಇಲ್ಲ. ಇರುವುದು ಆ ರಿಜಿಸ್ಟರಿನ ಮುಂದೆ ನಿಂತ ನಿನ್ನ ಮುಖದ ಹೆದರಿಕೆ. ಪ್ರಪಂಚದಲ್ಲಿ ನಾನು ಬುದ್ಧಿವಂತೆ ಎಂದು ಇನ್ನೂ ನಂಬಿರುವವಳು ನೀನೊಬ್ಬಳೇ.

ಬಾ ಎಂದು ಬರೆಯಬೇಕು. ಬರೆದರೆ ಇಷ್ಟನ್ನೂ ಬರೆಯಬೇಕು. ಬೇಡ ಎಂದು ಬರೆಯಲು ನನಗೇನು ಹಕ್ಕು? ಕೆಳಗಿನಿಂದ ಮಾಲೀಕರು ಕೂಗುತ್ತಿದ್ದಾರೆ, ಮೂರನೇ ಅಧ್ಯಾಯದ ಕರಡು ಬೇಕಂತೆ. ಇದನ್ನು ಇವತ್ತು ಅಂಚೆಗೆ ಹಾಕಲಾರೆ.


೬ ಜೂನ್ ೧೯೮೯

ಕಡ್ಡೀ,

ನಿನ್ನ ಅಂಕ ಓದಿ ಕಣ್ಣು ತುಂಬಿತು.

ಹಾಳೆ ವಾಪಸ್ ಕಳಿಸಿದ್ದೇನೆ. ಐದನೇ ಸಾಲಿನ ಪಕ್ಕ ಚುಕ್ಕಿ ಇಟ್ಟಿದ್ದೇನೆ. ಆ ಸಾಲು ಸರಿಯಿಲ್ಲ. ಅದನ್ನು ನೆಚ್ಚಿಕೊಳ್ಳದೆ ಲೆಕ್ಕ ಮತ್ತೆ ಮಾಡು. ಉತ್ತರ ನಿನ್ನದೇ ಆಗಿರಲಿ, ಎಂದಿನ ಹಾಗೆ.

ಅಕ್ಕ


೧೪ ಜೂನ್ ೧೯೮೯

ಅಕ್ಕನಿಗೆ,

ಹಾಳೆ ತಲುಪಿತು. ಚುಕ್ಕಿಯನ್ನು ಒಂದಿಡೀ ದಿನ ನೋಡಿದೆ. ಅರ್ಥವಾಯಿತು.

ನಿನಗೆ ನಿನ್ನ ಓದೇ ಬೇಕಾದಷ್ಟಿರುತ್ತದೆ, ಅದರ ಮೇಲೆ ನನ್ನ ಜವಾಬ್ದಾರಿಯನ್ನೂ ಹೊರಿಸುವುದು ಸರಿಯಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಕ್ಷಮಿಸು. ಐದನೇ ಸಾಲನ್ನು ತೆಗೆದುಹಾಕಿ ಲೆಕ್ಕ ಮತ್ತೆ ಮಾಡಿದೆ. ಉತ್ತರ ಬಂತು. ನೀನು ಯೋಚನೆ ಮಾಡಬೇಡ.

ನಿನ್ನ ಪರೀಕ್ಷೆಗಳು ಚೆನ್ನಾಗಿ ಆಗಲಿ.

ಚಿಕ್ಕಮ್ಮನ ಮಗಳು


೧೦ ಜುಲೈ ೧೯೮೯

ಕಡ್ಡೀ,

ಉತ್ತರ ಬಂತು ಎಂದು ಓದಿ ಎಷ್ಟು ಹಗುರಾದೆ ಎಂದು ಹೇಗೆ ಹೇಳಲಿ! ಅಕ್ಕ ಇದ್ದಾಳೆ ಎಂದು ಬರುವುದಕ್ಕಿಂತ ನಿನ್ನ ಕಾಲ ಮೇಲೆ ನೀನು ನಿಂತು ಬರುವುದು ದೊಡ್ಡದು. ಕೊಂಚ ಬಿಗಿಯಾಗಿ ಬರೆದಿದ್ದೀಯ, ಅದು ಹೊರಡುವ ಗಡಿಬಿಡಿ ಇರಬೇಕು. ಈ ಪತ್ರವನ್ನು ನೇರ ಹುಡುಗಿಯರ ಹಾಸ್ಟೆಲಿಗೇ ಹಾಕುತ್ತಿದ್ದೇನೆ. ನೀನು ಬಂದು ಹತ್ತು ದಿನವಾದರೂ ಆಗಿರಬೇಕು.

ಮೊದಲ ತಿಂಗಳು ಎಲ್ಲರೂ ನಿನಗಿಂತ ಜಾಣರೆಂದು ಅನ್ನಿಸುತ್ತದೆ. ಅವರಿಗೂ ಹಾಗೇ ಅನ್ನಿಸುತ್ತಿರುತ್ತದೆ. ತಿಳಿಯದ್ದನ್ನು ಆ ದಿನವೇ ಕೇಳಿಬಿಡು, ನಾಳೆಗೆ ಇಟ್ಟುಕೊಳ್ಳಬೇಡ. ನಾನು ಹಾಗೆ ಇಟ್ಟುಕೊಂಡೇ ಕೆಟ್ಟೆ. ಊಟಕ್ಕೆ ಬೇಗ ಹೋಗು, ತಡವಾದರೆ ಸಾರು ಬರೀ ನೀರು.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಾಸ್ಟೆಲಿನ ಗೇಟಿನ ಹತ್ತಿರ ಬರುತ್ತೇನೆ. ನಿನಗೆ ಒಂದು ವಿಷಯ ಹೇಳುವುದಿದೆ. ಎದುರಿಗೇ ಹೇಳುತ್ತೇನೆ. ಆಮೇಲೆ ನೀನು ಎಷ್ಟು ಬೇಕಾದರೂ ಬೈ.

ಅಕ್ಕ


೨೮ ಜುಲೈ ೧೯೮೯

ಕಡ್ಡೀ,

ಹಾಸ್ಟೆಲಿಗೆ ಹಾಕಿದ ಪತ್ರ ವಾಪಸ್ ಬಂತು. ನೀಲಿ ಪೆನ್ಸಿಲ್ಲಿನಲ್ಲಿ "ಇಲ್ಲಿ ಇಲ್ಲ" ಎಂದು ಗೀಚಿದ್ದಾರೆ. ಅದು ಬರುವ ಮೊದಲೇ ಭಾನುವಾರ ನಾನು ಗೇಟಿನ ಹತ್ತಿರ ಹೋಗಿದ್ದೆ. ಹತ್ತರಿಂದ ಒಂದೂವರೆಯತನಕ ನಿಂತೆ. ಒಳಗಿನಿಂದ ಬರುತ್ತಿದ್ದ ಪ್ರತಿಯೊಬ್ಬ ತೆಳ್ಳಗಿನ ಹುಡುಗಿಯೂ ನೀನೇ ಅನ್ನಿಸುತ್ತಿತ್ತು. ಕೊನೆಗೆ ಕಾವಲಿನ ಹೆಂಗಸು, "ಯಾರಮ್ಮ ಬೇಕು ನಿಮಗೆ? ಪಾಪ, ಆಗಿಂದ ನಿಂತಿದ್ದೀರಿ" ಅಂದಳು. ಪಟ್ಟಿ ತೆಗೆಸಿದೆ. ನಿನ್ನ ಹೆಸರಿಗೆ ಗೆರೆ ಎಳೆದು ಅದರ ಮೇಲೆ ಬೇರೆ ಹುಡುಗಿಯ ಹೆಸರು ಬರೆದಿದ್ದರು. ನೀನು ಬರಲೇ ಇಲ್ಲವೆಂದು ನನಗೆ ಗೊತ್ತಾದದ್ದು ಹೀಗೆ.

ಇದರ ಜೊತೆ ಜೂನ್ ನಾಲ್ಕರಂದು ಬರೆದ ಪತ್ರವಿದೆ. ಅಂದೇ ಹಾಕಬೇಕಿತ್ತು. ಮಡಿಸಿ ಕರಡಿನ ಕಟ್ಟಿನ ಕೆಳಗಿಟ್ಟೆ. ಮೊದಲು ಅದನ್ನು ಓದು, ಆಮೇಲೆ ಇದನ್ನು.

ಓದಿದೆಯಾ? ಐದನೇ ಸಾಲಿಗೆ ಚುಕ್ಕಿ ಇಟ್ಟದ್ದು ನೀನು ಬರಬಾರದು ಎಂದಲ್ಲ. ಅಲ್ಲಿ ಅಕ್ಕ ಇದ್ದಾಳೆ ಎಂದು ಬರೆದಿದ್ದೆಯಲ್ಲ, ಅಲ್ಲಿ ನಾನಿಲ್ಲ ಎಂದು. ನೀನು ಭಾರ ಎಂದು ನಾನು ಒಂದು ಕ್ಷಣವೂ ಎಣಿಸಿದವಳಲ್ಲ. ನಾನು ಎಷ್ಟು ಹೇಡಿ ನೋಡು, ಸುಳ್ಳು ಹೇಳುವ ಧೈರ್ಯವೂ ಬರಲಿಲ್ಲ, ನಿಜ ಹೇಳುವ ಧೈರ್ಯವೂ ಬರಲಿಲ್ಲ. ನಡುವೆ ಒಂದು ಚುಕ್ಕಿ ಇಟ್ಟು, ಪಾಠ ಕಲಿಸುವವಳ ಹಾಗೆ ಗಂಭೀರವಾಗಿ ಕೂತೆ.

ಒಂದು ವರ್ಷದ ನಂತರ ಮೊನ್ನೆ ಆ ಕಟ್ಟಡದೊಳಗೆ ಹೋದೆ. ಗುಮಾಸ್ತರ ಮುಂದೆ ಕೈಮುಗಿದು ಕೇಳಿದೆ. ಸೀಟು ಹೋಗಿದೆ, ಏನೂ ಮಾಡಲಾಗುವುದಿಲ್ಲ ಎಂದರು. ಇನ್ನೊಮ್ಮೆ ಕೇಳಿದೆ, ಇನ್ನೊಮ್ಮೆ ಅದನ್ನೇ ಹೇಳಿದರು.

ಆದರೂ ಬರೆಯುತ್ತಿದ್ದೇನೆ. ಬಾ. ಈ ಕೋಣೆಯಲ್ಲಿ ಇಬ್ಬರು ಮಲಗಬಹುದು. ಬೇರೆ ಕಾಲೇಜು ಹುಡುಕೋಣ. ಬಾ ಕಡ್ಡೀ.

ಅಕ್ಕ


೨ ಸೆಪ್ಟೆಂಬರ್ ೧೯೮೯

ಅಕ್ಕಾ,

ನಿನ್ನ ಎರಡೂ ಪತ್ರಗಳನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಈಗ ಎಲ್ಲವನ್ನೂ ನಾನೇ ಓದಿ ಹೇಳಬೇಕು. ಯಾಕೆಂದು ಬರೆಯುತ್ತೇನೆ. ನಾನೂ ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ.

ಎಡಪಕ್ಕದ ಕತ್ತರಿ ಕಾಣುವುದಿಲ್ಲ ಎಂದು ಕೇಳಿದ್ದೆನಲ್ಲ, ಅದು ಅಮ್ಮ. ಹೋದ ವರ್ಷದ ಮಳೆಗಾಲದಿಂದಲೇ ಶುರುವಾಗಿತ್ತು. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದಳು, ಪಕ್ಕದಲ್ಲಿ ನಿಂತ ಗಿರಾಕಿ ಮಾತಾಡಿದರೆ ಬೆಚ್ಚಿಬೀಳುತ್ತಿದ್ದಳು. "ಯಾರ ಹತ್ರಾನೂ ಬಾಯಿ ಬಿಡಬೇಡ. ಕಣ್ಣು ಕಾಣದ ಟೈಲರಿಗೆ ಯಾರು ಆರ್ಡರ್ ಕೊಡ್ತಾರೆ?" ಅಂದಿದ್ದಳು. ಅದಕ್ಕೇ ನಿನಗೂ ಹೆಸರು ಹೇಳದೆ ಲೆಕ್ಕದ ಹಾಗೆ ಕೇಳಿದೆ. ಅಕ್ಕನಿಗೆ ಗೊತ್ತಾಗಿಬಿಡುತ್ತದೆ ಎಂದು ಒಳಗೊಳಗೇ ನಂಬಿದ್ದೆ. ಪರೀಕ್ಷೆಗೆ ಬರುವುದಿಲ್ಲ, ಬಿಟ್ಟುಬಿಡು ಎಂದು ನೀನು ಬರೆದೆ. ನಾನೂ ಬಿಟ್ಟುಬಿಟ್ಟೆ.

ಜುಲೈನಲ್ಲಿ ಅಮ್ಮ ಮೆಟ್ಟಿಲಿನಿಂದ ಬಿದ್ದ ಮೇಲೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನೊಳಗಿನ ಒತ್ತಡವಂತೆ, ಹೋದದ್ದು ವಾಪಸ್ ಬರುವುದಿಲ್ಲವಂತೆ, ಔಷಧ ಹಾಕುತ್ತಿದ್ದರೆ ಇದ್ದದ್ದು ಉಳಿಯಬಹುದಂತೆ. "ಒಂದು ವರ್ಷ ಮುಂಚೆ ಬಂದಿದ್ರೆ ಇನ್ನೂ ಬಹಳ ಉಳಿಸಬಹುದಿತ್ತಮ್ಮ" ಅಂದರು. ನಾನು ಮನೆಗೆ ಬಂದು ಅಕ್ಟೋಬರಿನ ನಿನ್ನ ಪತ್ರ ತೆಗೆದು ಓದಿದೆ. ಇದು ನಿನ್ನ ತಪ್ಪು ಎನ್ನಲಾರೆ. ನಾನು ಅಮ್ಮ ಎನ್ನುವ ಒಂದು ಮಾತು ಬರೆದಿದ್ದರೆ ನೀನು ಓಡಿಬರುತ್ತಿದ್ದೆ. ಬರೆಯಲಿಲ್ಲವಲ್ಲ.

ಜೂನ್ ಹದಿಮೂರರಂದು ಅಮ್ಮ, "ಅಕ್ಕ ಏನಂದಳು?" ಎಂದು ಕೇಳಿದಳು. "ಅವಳಿಗೆ ಅನುಕೂಲ ಇಲ್ವಂತೆ" ಅಂದೆ. ಅಮ್ಮ ಮಿಷನ್ನು ನಿಲ್ಲಿಸಿದಳು. "ಅಷ್ಟು ಓದಿರೋಳೇ ಬೇಡ ಅಂದಮೇಲೆ ಏನೋ ಇರುತ್ತೆ" ಅಂದು ಮತ್ತೆ ತುಳಿಯತೊಡಗಿದಳು. ಅಷ್ಟರಲ್ಲಿ ನನ್ನ ಓದು ತೀರ್ಮಾನವಾಯಿತು. ಕಾಗದ ಹರಿಯಲಿಲ್ಲ, ಅಳಲಿಲ್ಲ, ಜಗಳವೂ ಆಗಲಿಲ್ಲ. ನಾನು ಪಕ್ಕದಲ್ಲಿ ಕೂತು ತೋಳು ಜೋಡಿಸಿದೆ.

ಈಗ ಬಾ ಎಂದು ಬರೆದಿದ್ದೀಯ. ಹೇಗೆ ಬರಲಿ? ಅಮ್ಮನಿಗೆ ದಿನಕ್ಕೆ ಮೂರು ಸಲ ಔಷಧ ಬಿಡಬೇಕು, ಅಂಗಿ ಹೊಲಿಯಬೇಕು. ಅಳತೆ ಅಮ್ಮ ಬೆರಳಿನಿಂದಲೇ ಹೇಳುತ್ತಾಳೆ, ಕತ್ತರಿ ನಾನು ಹಿಡಿಯುತ್ತೇನೆ. ನಿಧಾನಕ್ಕೆ ಕೈ ಪಳಗುತ್ತಿದೆ, ನೇರ ಹೊಲಿಗೆ ಚೆನ್ನಾಗಿ ಬರುತ್ತದೆ.

ನೀನು ಫೇಲಾದದ್ದಕ್ಕೆ ನನಗೆ ಏನೂ ಅನ್ನಿಸಲಿಲ್ಲ. ನಿಜವಾಗಿ ಹೇಳುತ್ತೇನೆ. ರಿಜಿಸ್ಟರಿನ ಮುಂದೆ ನಿಂತಿದ್ದರೆ ನನ್ನ ಮುಖ ಹೇಗಿರುತ್ತಿತ್ತು ಗೊತ್ತೇ? ಅಲ್ಲಿಂದ ನೇರ ಮುದ್ರಣಾಲಯ ಹುಡುಕಿಕೊಂಡು ಬಂದು, ನಿನ್ನ ಜೊತೆ ಜಗಳವಾಡಿ, ಅದೇ ಕೋಣೆಯಲ್ಲಿ ಮಲಗಿ, ನಿನ್ನನ್ನು ಮತ್ತೆ ಪರೀಕ್ಷೆಗೆ ಕೂರಿಸುತ್ತಿದ್ದೆ. ನೀನು ಅದಕ್ಕೆ ಹೆದರಿದೆ. ಅದನ್ನು ಯೋಚಿಸಿದಾಗಲೆಲ್ಲ ನನಗೆ ಕೋಪ ಬರುತ್ತದೆ. ಈ ಕೋಪ ಬೇಗ ಹೋಗುವ ಹಾಗೆ ಕಾಣುವುದಿಲ್ಲ. ಆದರೂ ಪತ್ರ ಬರೆಯುವುದು ನಿಲ್ಲಿಸಬೇಡ. ಪರೀಕ್ಷೆಗೆ ಮತ್ತೆ ಕಟ್ಟು. ಅಮ್ಮನೂ ಅದನ್ನೇ ಹೇಳು ಅಂದಳು.

ಕಾಲೇಜಿನ ಕಿರಿಯ ಹುಡುಗಿಯರು ಈಗ ಮನೆಗೇ ಬರುತ್ತಾರೆ. ಸಂಜೆ ಬಟ್ಟೆಗಳ ನಡುವೆ ಜಾಗ ಮಾಡಿಕೊಂಡು ಕೂರುತ್ತಾರೆ, ನಾನು ತುಳಿಯುತ್ತಲೇ ಲೆಕ್ಕ ಹೇಳುತ್ತೇನೆ. ನಿನ್ನೆ ಅವರಲ್ಲಿ ಒಬ್ಬಳು ಎಲ್ಲರೂ ಹೋದಮೇಲೂ ಉಳಿದಳು. ಅವಳಪ್ಪ ಲಾರಿ ಡ್ರೈವರು, ಮನೆಯಲ್ಲಿ ಯಾರೂ ಓದಿದವರಿಲ್ಲ. ಭೌತಶಾಸ್ತ್ರ ತೆಗೆದುಕೊಂಡು ದೂರ ಹೋಗಿ ಓದಲೋ ಬೇಡವೋ ಎಂದು ಕೇಳಿದಳು. ಕೇಳುವಾಗ ನನ್ನ ಮುಖ ನೋಡಲಿಲ್ಲ, ದಾರದ ಉಂಡೆ ಹಿಡಿದು ತಿರುಗಿಸುತ್ತಿದ್ದಳು.

"ಹೋಗು. ಹೆದರಿಕೆ ಆದ್ರೆ ನನಗೆ ಬರಿ, ನಾನಿದ್ದೀನಿ" ಅಂದೆ.

ಇಷ್ಟು ಹೇಳಲು ಒಂದು ಗುಂಡಿ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ ಅಕ್ಕಾ.

ಕಡ್ಡಿ